ಪಕ್ಕದ ಮನೆಯ ಬಾಗಿಲು

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಟೋಕಿಯೋದ ನಿಶಿ-ಕಸಾಯ್‌ನಲ್ಲಿ ಮನೆ ಸಿಕ್ಕಿತು ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಅಲ್ಲಿ ನಮ್ಮ ದೇಶದವರು ಜಾಸ್ತಿ, ಬೇಳೆ ಮಸಾಲೆಗೆ ತೊಂದರೆಯಿಲ್ಲ. 14 ದಿನದೊಳಗೆ ವಾರ್ಡ್ ಆಫೀಸಿಗೆ ಹೋಗಿ ವಿಳಾಸ ಬರೆಸು. ಅದನ್ನೆಲ್ಲ ನಿನ್ನ ಕಂಪನಿಯವರೂ ಹೇಳುತ್ತಾರೆ. ಅವರು ಹೇಳದ್ದು ಒಂದಿದೆ.

ಈ ಶನಿವಾರವೇ ಅಕ್ಕಪಕ್ಕದ ಮನೆಗೆ, ಮೇಲಿನ ಮನೆಗೆ, ಕೆಳಗಿನ ಮನೆಗೆ ಹೋಗಿ ನಿನ್ನ ಪರಿಚಯ ಹೇಳಿಕೊಂಡು ಬಾ. ಕೈಯಲ್ಲಿ ಒಂದು ಟವೆಲ್ಲೋ, ಸಣ್ಣ ಬಿಸ್ಕತ್ ಡಬ್ಬಿಯೋ ಇರಲಿ. 500 ಯೆನ್ನಿನದು ಸಾಕು. ದುಬಾರಿಯದು ಕೊಟ್ಟರೆ, ತಿರುಗಿ ಏನು ಕೊಡುವುದು ಅಂತ ಅವರಿಗೆ ಸಂಕಟ. ತಲೆ ಬಾಗಿಸಿ "ಯೊರೊಶಿಕು ಒನೆಗಾಯ್‌ಶಿಮಾಸು" ಅಂದರೆ ಆಯಿತು, ನಿಮ್ಮ ಸಹಕಾರವಿರಲಿ ಅಂತ ಅದರರ್ಥ. ಈಗ ಟೋಕಿಯೋದಲ್ಲಿ ಇದನ್ನೆಲ್ಲ ಎಷ್ಟೋ ಜನ ಬಿಟ್ಟಿದ್ದಾರೆ, ನಿಜ. ಆದರೂ ನೀನು ಹೋಗು. ಅಲ್ಲಿ ಯಾರೂ ತಾವಾಗಿ ನಿನ್ನ ಬಾಗಿಲು ತಟ್ಟುವುದಿಲ್ಲ. ನಿನಗೆ ತೊಂದರೆ ಆದೀತು ಅನ್ನುವ ಸಂಕೋಚ ಅವರಿಗೆ.

ನಾನು ಜಪಾನಿನಲ್ಲಿದ್ದ ಮೊದಲ ವರ್ಷ ಹೀಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಸುಡಲು ಒಯ್ಯುವ ಕಸದ ಜೊತೆ ಪ್ಲಾಸ್ಟಿಕ್ ಬಾಟಲಿಗಳನ್ನೂ ಸೇರಿಸಿ ಇಟ್ಟಿದ್ದೆ. ಕಸದವರು ಚೀಲವನ್ನು ಒಯ್ಯದೆ, ಮೇಲೊಂದು ಚೀಟಿ ಅಂಟಿಸಿ ಹೋಗಿದ್ದರು. ಓದಲು ಬರದೆ ಅಲ್ಲೇ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದು ಚೀಲ ಬಿಚ್ಚಿ ಒಂದು ಬಾಟಲಿ ಎತ್ತಿಕೊಂಡರು. ಮುಚ್ಚಳ ತೆಗೆದರು. ಲೇಬಲ್ಲನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದರು. ತೊಳೆಯಬೇಕು ಅಂತ ಕೈಸನ್ನೆಯಲ್ಲೇ ತೋರಿಸಿ, ಕಾಲಿನಿಂದ ತುಳಿದು ಚಪ್ಪಟೆ ಮಾಡಿದರು. ಒಂದು ಮಾತೂ ಬೈಯಲಿಲ್ಲ. ಅವತ್ತು ಸಂಜೆ ನಾನೇ ಹೋಗಿ ಅವರ ಬಾಗಿಲು ತಟ್ಟಿದೆ.

2011ರ ಮಾರ್ಚ್ 11, ಮಧ್ಯಾಹ್ನ 2:46ಕ್ಕೆ ಆ ದೊಡ್ಡ ಭೂಕಂಪ. ಅಲುಗಾಟ ನಿಂತ ಮೇಲೆ ನೋಡಿದರೆ ಗ್ಯಾಸ್ ಬರುತ್ತಿಲ್ಲ. ಪೈಪ್ ಒಡೆಯಿತೇನೋ ಅಂತ ಎದೆ ಧಸಕ್ಕೆಂದಿತು. ಆ ಅಜ್ಜಿಯೇ ಬಂದು ನನ್ನನ್ನು ಮೀಟರಿನ ಹತ್ತಿರ ಕರೆದುಕೊಂಡು ಹೋದರು. ಜೋರಾಗಿ ಅಲುಗಿದರೆ ಅದು ತಾನಾಗಿ ಗ್ಯಾಸ್ ನಿಲ್ಲಿಸುತ್ತದೆ ಅಂತ ಆಗಲೇ ನನಗೆ ಗೊತ್ತಾಗಿದ್ದು. ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಲೆಯನ್ನೆಲ್ಲ ಆಫ್ ಮಾಡಿಸಿ, ಗುಂಡಿ ಒತ್ತಿದರು. ಕೆಂಪು ದೀಪ ಮಿಣುಕತೊಡಗಿತು. ಮೂರು ನಿಮಿಷ ಸುಮ್ನೆ ನಿಂತಿದ್ದೆವು, ನನ್ನ ಕೈ ಅವರ ಕೈಯಲ್ಲಿತ್ತು. ದೀಪ ಆರಿತು, ಒಲೆ ಹತ್ತಿತು. ಅವರ ಪರಿಚಯವೇ ಇಲ್ಲದಿದ್ದರೆ ಆವತ್ತು ನಾನು ಏನು ಮಾಡುತ್ತಿದ್ದೆ ಹೇಳು?

ಜಪಾನಿನಲ್ಲಿ ಹತ್ತು ಜನರಲ್ಲಿ ಹತ್ತಿರ ಹತ್ತಿರ ಮೂವರು 65 ದಾಟಿದವರು. ಒಂಟಿಯಾಗಿರುವವರೂ ಬಹಳ. ನಿನ್ನ ಪಕ್ಕದಲ್ಲೂ ಅಂಥವರಿದ್ದರೆ, ಬಾಗಿಲಲ್ಲಿ ಎರಡು ದಿನದ ಪೇಪರ್ ಹಾಗೇ ಉಳಿದಿದ್ದರೆ ಬೆಲ್ ಒತ್ತು. ಯಾರೂ ಓಗೊಡದಿದ್ದರೆ ಬಿಲ್ಡಿಂಗ್ ನೋಡಿಕೊಳ್ಳುವವರಿಗೆ ತಕ್ಷಣ ಹೇಳು.

ಶನಿವಾರ ಹೋಗಿಬಂದ ಮೇಲೆ ಫೋನ್ ಮಾಡು. ಯಾರು ಏನಂದರು ಅಂತ ನನಗೆ ಎಲ್ಲ ಹೇಳಬೇಕು.

ಇಂತಿ,
ನಿನ್ನ ಅತ್ತೆ