ಹೆಂಚಿನ ಬೆನ್ನ ಮೇಲಿನ 1865

ಪ್ರೀತಿಯ ಗೆಳೆಯಾ,

ಹೋದ ವಾರದ ಗಾಳಿಮಳೆಗೆ ನಮ್ಮೂರ ಚರ್ಚಿನ ಹೆಂಚು ಹಾರಿಹೋದವು. ನಾವಿಬ್ಬರೂ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುತ್ತಿದ್ದೆವಲ್ಲ, ಸರಿಯಾಗಿ ಆ ಮೂಲೆಯ ಮೇಲೆ. ಮೇಸ್ತ್ರಿ ಜೊತೆ ನಾನೂ ಏಣಿ ಹತ್ತಿದೆ. ಒಡೆಯದೇ ಉಳಿದ ಒಂದು ಹೆಂಚು ತಿರುಗಿಸಿ ಪಾಚಿ ಕೆರೆದೆ. ಉಬ್ಬಕ್ಷರ ಕಂಡಿತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಚರ್ಚು 1865ರದ್ದು ಅಂತ ಊರವರು ಹೇಳುತ್ತಿದ್ದದ್ದು ಇದನ್ನು ನೋಡಿಯೇ ಕಣೋ! ಆದರೆ ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಗೆ ಕೊಟ್ಟಿತು. ಇದರ ಮೇಲೆ ಇನ್ನೂ ಮಿಷನ್ನಿನ ಹೆಸರೇ ಇದೆ, ಅಂದರೆ ಈ ಹೆಂಚು ಅದಕ್ಕೂ ಮೊದಲಿನದು. ನೂರು ಮಳೆಗಾಲ ದಾಟಿದ ಹೆಂಚು! ಕೈಯಲ್ಲಿ ಹಿಡಿದಾಗ ಮೈ ಜುಮ್ ಅಂದಿತು.

ಅವತ್ತೇ ಫಾದರ್ ಹತ್ತಿರ ಕೇಳಿ ಹಳೆಯ ಜ್ಞಾನಸ್ನಾನದ ರಿಜಿಸ್ಟರನ್ನೂ ನೋಡಿದೆ. ಹಾಳೆ ಮುಟ್ಟಿದರೆ ಪುಡಿಯಾಗುತ್ತೆ. ಬರಹವೆಲ್ಲ ಲ್ಯಾಟಿನ್. ಊರು ಚಿನ್ನಪ್ಪ ಅಂತ ಕರೆದವರೆಲ್ಲ ಅಲ್ಲಿ ಪೌಲುಸ್, ರಾಯಪ್ಪಂದಿರೆಲ್ಲ ಪೇತ್ರುಸ್. ಪೂಜೆಯೂ ಲ್ಯಾಟಿನ್‌ನಲ್ಲೇ ಇತ್ತು, ಅಲ್ವಾ? ಜನರ ಮಾತಿನಲ್ಲೂ ಪೂಜೆ ಮಾಡಬಹುದು ಅಂತ ಒಪ್ಪಿದ ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು. ಕನ್ನಡದ ಪೂಜೆ ನಮ್ಮ ಕಡೆ ಬಂದದ್ದು ಆ ಕಾಲದಲ್ಲೇ. ಮೊದಲ ಸಲ ಕನ್ನಡದಲ್ಲಿ ಪೂಜೆ ಕೇಳಿದ ದಿನ ಅಜ್ಜಿ ಅತ್ತಿದ್ದಳಂತೆ. ಅಮ್ಮ ಈಗಲೂ ಹೇಳುತ್ತಾಳೆ.

ನನಗೆ ಬೇಜಾರು ಗೋಡೆಯದ್ದು. ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತೆ. ಮಳೆಯ ತೇವ ಕುಡಿದು ಬಿಸಿಲಿಗೆ ಹೊರಗೆ ಬಿಡುತ್ತೆ. ಅದರ ಮೇಲೆ ಯಾರೋ ಗಟ್ಟಿಯಾಗಲಿ ಅಂತ ಸಿಮೆಂಟ್ ಬಳಿಸಿದರು. ತೇವ ಒಳಗೇ ಸಿಕ್ಕಿಕೊಂಡಿತು. ಈಗ ಕಿಟಕಿಯ ಕೆಳಗೆ ಬಿಳಿ ಉಪ್ಪು ಒಸರುತ್ತಿದೆ, ಬೆರಳಿಟ್ಟರೆ ಗಾರೆ ಹಿಟ್ಟಿನ ಹಾಗೆ ಉದುರುತ್ತೆ. ಇದನ್ನೇ ತೋರಿಸಿ "ಹಳೇದಾಯ್ತು, ಕೆಡವಿ ಹಾಲ್ ಕಟ್ಟೋಣ" ಅನ್ನುತ್ತಿದ್ದಾರೆ. ಹಳೇದಾಗಿ ಕೆಟ್ಟದ್ದಲ್ಲ ಮಾರಾಯ, ನಾವು ಕೆಡಿಸಿದ್ದು. ಸಿಮೆಂಟ್ ಕೆತ್ತಿ ಮತ್ತೆ ಸುಣ್ಣದ ಗಾರೆ ಮೆತ್ತಿದರೆ ಗೋಡೆ ಉಳಿಯುತ್ತೆ. ಸಭೆಯಲ್ಲಿ ಎದ್ದು ನಿಂತು ಅಷ್ಟೂ ಹೇಳಿದೆ. ಒಬ್ಬನ ಮಾತು ಅಂತ ಸುಮ್ನೆ ಕೇಳಿದರು, ಅಷ್ಟೇ. ನೀನು ಕಟ್ಟಡದ ಕೆಲಸ ಬಲ್ಲವನು, ನಿನ್ನ ಮಾತಿಗೆ ತೂಕ ಜಾಸ್ತಿ.

ದಾವಣಗೆರೆ ಹಳೇಪೇಟೆಯಲ್ಲಿ ಮನೆಯೊಂದನ್ನು ಬಿಚ್ಚುತ್ತಿದ್ದರು. ಅಲ್ಲಿಂದ ಇದೇ ಅಳತೆಯ ಇನ್ನೂರು ಹೆಂಚು ತಂದು ನಮ್ಮ ಹಿತ್ತಲಲ್ಲಿ ಜೋಡಿಸಿದ್ದೇನೆ. ಸದ್ಯಕ್ಕೆ ಸೂರಿಗೆ ಟಾರ್ಪಾಲ್ ಕಟ್ಟಿದ್ದೇವೆ.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ನೀನು ಬಂದೇ ಬರುತ್ತೀಯ. ಎರಡು ದಿನ ಮುಂಚೆ ಊರಿಗೆ ಬಾ. ಭಾನುವಾರ ಪೂಜೆ ಮುಗಿದ ಮೇಲೆ ಮತ್ತೆ ಸಭೆ ಇದೆ. ಏಣಿ ಅಲ್ಲೇ ಗೋಡೆಗೆ ಒರಗಿಸಿಟ್ಟಿರುತ್ತೇನೆ.

ನಿನ್ನ ದಾರಿ ಕಾಯುವ,
ಗೆಳೆಯ