ಧೈರ್ಯ ಇದೆ, ಕುಣಿಯಲು ನೆಲ ಇಲ್ಲ

ಮಾನ್ಯ ಸಂಪಾದಕರೇ,

ಸ್ವಂತ ಉದ್ಯೋಗ ಶುರು ಮಾಡಿದ ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಬರುತ್ತವೆ. ಬ್ಯೂಟಿ ಪಾರ್ಲರ್, ರೊಟ್ಟಿ ಕೇಂದ್ರ, ಟೈಲರಿಂಗ್, ಈಗೀಗ ಡ್ಯಾನ್ಸ್ ಕ್ಲಾಸ್ ಕೂಡ. ಎಲ್ಲದರಲ್ಲೂ ಒಂದು ಮಾತು ತಪ್ಪುವುದಿಲ್ಲ: ಧೈರ್ಯ ಮಾಡಿದರು, ಗೆದ್ದರು. ಓದಲು ಚೆನ್ನಾಗಿರುತ್ತದೆ. ಆದರೆ ನಮ್ಮ ಬಳ್ಳಾರಿಯಲ್ಲಿ ನೃತ್ಯ ಕಲಿಸಬೇಕೆಂದು ಹೊರಟ ಹುಡುಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಧೈರ್ಯಕ್ಕೆ ಯಾರೂ ಕಡಿಮೆ ಇಲ್ಲ. ಅವರು ನಿಂತುಹೋಗುವುದು ಜಾಗ ಸಿಗದೆ. ಆ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ಈ ಪತ್ರ.

ನಾನು ಭರತನಾಟ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಮುಗಿಸಿದವಳು. ಮೊದಲು ಒಂದು ಖಾಸಗಿ ಶಾಲೆಯಲ್ಲಿ ಡ್ಯಾನ್ಸ್ ಟೀಚರ್ ಆಗಿದ್ದೆ. ಡ್ಯಾನ್ಸ್ ಟೀಚರ್ ಅಂದರೆ ಸ್ಕೂಲ್ ಡೇ ಹತ್ತಿರ ಬಂದಾಗ ಮಾತ್ರ ನೆನಪಾಗುವವಳು. ಉಳಿದ ದಿನ ಗಣಿತದ ಮೇಡಂ ರಜೆ ಹಾಕಿದರೆ ಆ ತರಗತಿಗೆ ಹೋಗಿ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಬೇಕು. ನಮ್ಮ ಯಜಮಾನರಿಗೆ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ಶಾಲೆ ಬಿಟ್ಟು ಸ್ವಂತ ಕ್ಲಾಸ್ ಮಾಡುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. "ಬಾಡಿಗೆ ಎಷ್ಟಾಗುತ್ತೆ?" ಅಂದರು. ಅತ್ತೆಯವರು ಕೇಳಿದ್ದೂ ಅದನ್ನೇ. ಮನೆಯವರು ಎದುರು ನಿಂತರು, ನಾನು ಹಟ ಮಾಡಿ ಗೆದ್ದೆ ಅಂತ ಬರೆಯಲು ನನ್ನ ಹತ್ತಿರ ಕಥೆಯೇ ಇಲ್ಲ!

ಬಾಡಿಗೆ ಎಷ್ಟು ಅನ್ನುವುದು ಆಮೇಲಿನ ಮಾತು. ಮೊದಲು ಕೊಡುವವರು ಬೇಕಲ್ಲ. ಮೊದಲ ಮಹಡಿ ಖಾಲಿ ಇದ್ದವರು "ಮಕ್ಕಳು ಧಬಧಬ ಕುಣಿದರೆ ಸ್ಲ್ಯಾಬ್ ಬಿರುಕು ಬಿಡುತ್ತಮ್ಮ" ಅಂದರು. ಕೆಳಮಹಡಿ ಇದ್ದವರು ಗೆಜ್ಜೆ ಸದ್ದು ನಮಗೆ ಆಗಿಬರುವುದಿಲ್ಲ ಅಂದರು. ಒಬ್ಬ ಹಿರಿಯರು ಬಾಗಿಲಲ್ಲೇ ನಿಲ್ಲಿಸಿ, "ಟ್ಯೂಷನ್ ಆದರೆ ನಾಳೆನೇ ಕೀ ತಗೋ. ಡ್ಯಾನ್ಸ್ ಅಂದ್ರೆ ಯಾವ ಥರದ್ದು?" ಅಂತ ಕೇಳಿದರು. ರಂಗನಟ ಬಳ್ಳಾರಿ ರಾಘವರ ಊರಿದು ಸ್ವಾಮಿ. ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬರಬೇಕೆಂದು ನೂರು ವರ್ಷದ ಹಿಂದೆಯೇ ಅವರನ್ನು ರಂಗಕ್ಕೆ ಕರೆತಂದವರ ಊರು. ರಂಗಗಾಯಕಿ ಸುಭದ್ರಮ್ಮ ಮನ್ಸೂರು ಅವರ ಹಾಡಿಗೆ ರಾತ್ರಿಯಿಡೀ ಕೂತ ಊರು. ಇಲ್ಲಿ ನಿಂತು "ಯಾವ ಥರದ್ದು" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಹೇಳಿದೆ, ಕೀ ಸಿಗಲಿಲ್ಲ.

ಕಲ್ಯಾಣ ಮಂಟಪದಲ್ಲಿ ಮಾಡಿ ಅಂತ ಸಲಹೆ ಕೊಡುವವರು ಬಹಳ. ಮಂಟಪದವರಿಗೆ ಮುಹೂರ್ತ ಇಲ್ಲದ ದಿನ ನಾವು ಬೇಕು, ಮುಹೂರ್ತ ಇದ್ದ ದಿನ ಬೇಡ. ನ್ಯಾಯವೇ. ಆದರೆ ಮದುವೆಗಳು ಜೋರಾಗಿರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಕ್ಕಳಿಗೆ ಬೇಸಿಗೆ ರಜೆ ಇರುವುದೂ ಆಗಲೇ. ಡ್ಯಾನ್ಸ್ ಕ್ಲಾಸಿಗೆ ಇಡೀ ವರ್ಷದಲ್ಲಿ ಜಾಸ್ತಿ ಮಕ್ಕಳು ಸೇರುವ ಎರಡು ತಿಂಗಳಲ್ಲಿ ನಮ್ಮನ್ನು ಹೊರಗೆ ಹಾಕುತ್ತಾರೆ. ಆಷಾಢದಲ್ಲಿ ಮಂಟಪ ಪೂರ್ತಿ ಖಾಲಿ, ಆಗ ಮಕ್ಕಳು ಶಾಲೆಯಲ್ಲಿ.

ಇನ್ನು ನೆಲದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಕ್ಲಾಸ್ ತೆರೆಯುವವರು ಕನ್ನಡಿ, ಸ್ಪೀಕರ್, ಬೋರ್ಡಿಗೆಲ್ಲ ಹಣ ಸುರಿದು ನೆಲವನ್ನು ಇದ್ದ ಹಾಗೆ ಬಿಡುತ್ತಾರೆ. ನಮ್ಮ ಕಡೆ ಎಲ್ಲಿ ನೋಡಿದರೂ ಕಡಪ ಕಲ್ಲು, ಗ್ರಾನೈಟ್, ಇಲ್ಲವೇ ಟೈಲ್ಸ್. ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸ್ ಕೂದಲೆಳೆಯಷ್ಟೂ ಬಾಗುವುದಿಲ್ಲ. ಭರತನಾಟ್ಯದಲ್ಲಿ ಮಗು ಮೊದಲ ದಿನವೇ ಕಲಿಯುವುದು ತಟ್ಟಡವು. ಅರೆಮಂಡಿಯಲ್ಲಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತು, ಪಾದ ಪೂರ್ತಿ ಎತ್ತಿ ನೆಲಕ್ಕೆ ತಟ್ಟಬೇಕು. ಅದೂ ಮೂರು ವೇಗದಲ್ಲಿ, ಎರಡೂ ಕಾಲಿಗೆ. ಕಲ್ಲಿಗೆ ತಟ್ಟಿದರೆ ಆ ಪೆಟ್ಟು ಪೂರ್ತಿ ಕಾಲಿಗೇ ವಾಪಸ್. ಮೊದಲು ಮಂಡಿಯ ಕೆಳಗೆ ಮುಂದಿನ ಎಲುಬಿನಲ್ಲಿ ಸೆಳೆತ, ಆಮೇಲೆ ಮಂಡಿ, ಆಮೇಲೆ ಸೊಂಟ. ಹತ್ತು ವರ್ಷದ ಮಗು "ಕಾಲು ನೋಯ್ತಿದೆ ಮಿಸ್" ಅಂದಾಗ ಅಭ್ಯಾಸ ಆದರೆ ಸರಿಹೋಗುತ್ತೆ ಅನ್ನುವ ಶಿಕ್ಷಕರಿದ್ದಾರೆ. ಸರಿಹೋಗುವುದಿಲ್ಲ. ಹಿಂದಿನವರು ದೇವಸ್ಥಾನದ ಕಲ್ಲಿನ ಮೇಲೆ ಕುಣಿಯುತ್ತಿರಲಿಲ್ವಾ ಎಂದೂ ಕೇಳುತ್ತಾರೆ. ಕುಣಿಯುತ್ತಿದ್ದರು. ಅವರ ಮಂಡಿ ಹೇಗಿತ್ತು ಅಂತ ಶಾಸನ ಬರೆಸಿದವರು ಯಾರು?

ಕುಣಿಯುವ ನೆಲಕ್ಕೆ ಮರ ಬೇಕು, ಮರದ ಕೆಳಗೆ ಸ್ವಲ್ಪ ಖಾಲಿ ಜಾಗ ಬೇಕು. ಕೆಳಗೆ ರಬ್ಬರ್ ತುಂಡುಗಳು, ಅವುಗಳ ಮೇಲೆ ಮರದ ರೀಪು, ರೀಪಿನ ಮೇಲೆ ಎರಡು ಪದರ ಪ್ಲೈವುಡ್. ಕೆಳಪದರದ ಜೋಡಣೆಯ ಮೇಲೆ ಮೇಲ್ಪದರದ ಜೋಡಣೆ ಬರಬಾರದು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹಾಲ್ ಅಂದರೆ 600 ಚದರ ಅಡಿ. ಎಂಟು ಬೈ ನಾಲ್ಕರ ಹಾಳೆ ಒಂದು ಪದರಕ್ಕೆ 19, ಎರಡಕ್ಕೆ 38. ಗೆದ್ದಲಿನ ಔಷಧಿ ಮರೆಯಬಾರದು. ನಮ್ಮ ಬಡಗಿ ತಲೆ ಕೆರೆದುಕೊಂಡ. "ಎಲ್ಲರೂ ಅಲುಗಾಡಬಾರದು ಅಂತಾರೆ ಮೇಡಂ, ನೀವೊಬ್ಬರೇ ಅಲುಗಾಡಬೇಕು ಅನ್ನೋದು."

ಕೊನೆಗೆ ನನಗೆ ಜಾಗ ಸಿಕ್ಕಿದ್ದು ಕೌಲ್‌ಬಜಾರ್ ಕಡೆ, ಮುಚ್ಚಿಹೋದ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ. ತಗಡಿನ ಶೆಡ್. ಹೊಲಿಗೆ ಮೆಷಿನ್‌ಗಳಿಗೆ ಎಳೆದಿದ್ದ ವೈರು, ಸ್ವಿಚ್ಚು ಸಾಲಾಗಿ ತಲೆ ಮೇಲೆ ಇನ್ನೂ ತೂಗುತ್ತಿದ್ದವು. ಎಷ್ಟು ಸಲ ಗುಡಿಸಿದರೂ ಮೂಲೆಯಲ್ಲಿ ನೀಲಿ ಧೂಳು. ಮೆಷಿನ್ ಸದ್ದಿಗೆ ಒಗ್ಗಿದ ಓಣಿಗೆ ಗೆಜ್ಜೆ ಸದ್ದು ಒಂದು ಸದ್ದೇ ಅಲ್ಲ. ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳು ಪೀಸಿಗಿಷ್ಟು ಅಂತ ಜೀನ್ಸ್ ಹೊಲಿಯುವವರು, ಅವರ ಮಕ್ಕಳು ಕಿಟಕಿಯಿಂದ ನೋಡಿ ನೋಡಿ ಒಳಗೆ ಬಂದರು. ನನ್ನ ಫೀಸು ತಿಂಗಳಿಗೆ 600 ರೂಪಾಯಿ. ಆ ತಾಯಂದಿರಿಗೆ ಬಟವಾಡೆ ಆಗುವುದು ಶನಿವಾರ. ಹಾಗಾಗಿ ವಾರಕ್ಕೆ 150 ಅಂತ ಮಾಡಿದೆ. ತಿಂಗಳ ಫೀಸಿಗೆ ಒಂದೂವರೆ ತಿಂಗಳು ಕಾಯಿಸುವ ದೊಡ್ಡ ಮನೆಗಳೂ ನನಗೆ ಗೊತ್ತು. ಈ ವಾರವಾರದ ಫೀಸು ಮಾತ್ರ ಭಾನುವಾರ ಬೆಳಿಗ್ಗೆ ಮಗುವಿನ ಕೈಯಲ್ಲೇ ಬರುತ್ತದೆ.

ಸಾಲದ ಮಾತು ಬೇಗ ಮುಗಿಸುತ್ತೇನೆ. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000ದವರೆಗೆ, ಅದರ ಮೇಲೆ 5 ಲಕ್ಷದವರೆಗೆ ಕಿಶೋರ. ಅಡ ಇಡಬೇಕಿಲ್ಲ. ಆದರೂ ನಾನು ಹೋದ ಬ್ಯಾಂಕಿನಲ್ಲಿ "ಯಾವ ಮೆಷಿನ್ ತಗೋತೀರಿ?" ಎಂದು ಕೇಳಿದರು. ಪ್ಲೈವುಡ್ ಅಂಗಡಿಯ ಕೊಟೇಶನ್ ಮುಂದಿಟ್ಟ ಮೇಲೆ ಅವರ ಮುಖ ಸಡಿಲವಾಯಿತು. ನೃತ್ಯ ಅರ್ಥವಾಗದವರಿಗೂ ಪ್ಲೈವುಡ್ ಅರ್ಥವಾಗುತ್ತದೆ. ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲೆ, ಮಾಡಿಸಿಕೊಂಡು ಹೋಗಿ. ಅದರ ಪಟ್ಟಿಯಲ್ಲಿ ಸಾಂಸ್ಕೃತಿಕ ಶಿಕ್ಷಣ ಎಂಬ ವಿಭಾಗ ಇದೆ, ನೃತ್ಯ ಕಲಿಸುವುದೂ ಅದರಲ್ಲೇ ಬರುತ್ತದೆ. ಸರ್ಕಾರದ ಜಾಲತಾಣದಲ್ಲಿ ಇದಕ್ಕೆ ಒಂದು ಪೈಸೆ ಇಲ್ಲ. ದುಡ್ಡು ಕೇಳುವ ಅಂಗಡಿ ಸಿಕ್ಕರೆ ಎದ್ದು ಬನ್ನಿ.

ಲೆಕ್ಕ ಕೇಳಿದರೆ ನಗುತ್ತೀರಿ. ಬಾಡಿಗೆ 9,000. ಅಂದರೆ ಹದಿನೈದು ಮಕ್ಕಳು ಕುಣಿಯುವುದು ಶೆಡ್ ಮಾಲೀಕರಿಗೆ. ಫೆಬ್ರವರಿ, ಮಾರ್ಚ್ ಪರೀಕ್ಷೆ, ಮಕ್ಕಳು ಬರುವುದಿಲ್ಲ. ಏಪ್ರಿಲ್‌ನಲ್ಲಿ ಬರುತ್ತಾರೆ, ಆದರೆ 40 ಡಿಗ್ರಿ ದಾಟಿದ ಬಿಸಿಲಲ್ಲಿ ತಗಡಿನ ಕೆಳಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಕ್ಲಾಸ್ ಸಾಧ್ಯ. ಚೆನ್ನಾಗಿ ಕಲಿತು ವರ್ಣ ಎಂಬ ದೊಡ್ಡ ನೃತ್ಯಕ್ಕೆ ಬರುವ ಹೊತ್ತಿಗೆ ಹುಡುಗಿ ಒಂಬತ್ತನೇ ಕ್ಲಾಸ್. "ಟೆಂತ್ ಮುಗಿಲಿ ಮೇಡಂ" ಅಂತ ಕರೆದುಕೊಂಡು ಹೋಗುತ್ತಾರೆ. ಟೆಂತ್ ಆದ ಮೇಲೆ ಪಿಯುಸಿ ಬರುತ್ತದೆ, ಹುಡುಗಿ ಬರುವುದಿಲ್ಲ. ಕಾರ್ಯಕ್ರಮಕ್ಕೆ ಕರೆಯುವವರು "ವೇದಿಕೆ ಕೊಡ್ತೀವಲ್ಲ" ಅನ್ನುತ್ತಾರೆ. ಡ್ರೆಸ್ ಬಾಡಿಗೆ, ಮೇಕಪ್, ಆಟೋ ನಮ್ಮದು.

ಇಷ್ಟೆಲ್ಲ ಇದ್ದೂ ನಾನು ಈ ಕೆಲಸ ಬಿಡುವವಳಲ್ಲ. ಆದರೆ ನನ್ನ ಹಾಗೆ ಹೊರಡುವ ಎಲ್ಲರಿಗೂ ಮುಚ್ಚಿದ ಕಾರ್ಖಾನೆ ಸಿಗುವುದಿಲ್ಲ. ಸಿಕ್ಕರೂ ಕರಾರು ಹನ್ನೊಂದು ತಿಂಗಳದ್ದು. ಹನ್ನೊಂದು ತಿಂಗಳಿಗೆ ಬರೆದುಕೊಟ್ಟ ಶೆಡ್ಡಿನಲ್ಲಿ 38 ಹಾಳೆ ಪ್ಲೈವುಡ್ ಹಾಕಿಸುವವರು ಯಾರು? ಹೀಗಾಗಿಯೇ ಊರಿನ ಮಕ್ಕಳು ಟೈಲ್ಸ್ ಮೇಲೆ ತಟ್ಟುತ್ತಿದ್ದಾರೆ. ನಾನು ಹಾಳೆಗಳನ್ನು ಮೊಳೆ ಹೊಡೆಸದೆ ಸ್ಕ್ರೂ ಹಾಕಿಸಿದ್ದೇನೆ, ನಾಳೆ ಎಬ್ಬಿಸಿದರೆ ಬಿಚ್ಚಿಕೊಂಡು ಹೋಗಬಹುದು ಅಂತ.

ನಮ್ಮಲ್ಲಿ ಪ್ರದರ್ಶನಕ್ಕೆ ಜಾಗ ಇದೆ. ರಾಘವ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಇದೆ. ದಿನಾ ಸಂಜೆ ಅಭ್ಯಾಸ ಮಾಡಲು ಜಾಗ ಇಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ಏಳು ಜಿಲ್ಲೆಗಳಲ್ಲಿ ಶಾಲಾ ಕೊಠಡಿಗಳು ಎದ್ದಿವೆ. ಸಂಜೆಯಾದರೆ ಅವಕ್ಕೆಲ್ಲ ಬೀಗ. ಹೋಬಳಿಗೆ ಒಂದು ಶಾಲೆಯಲ್ಲಿ ಒಂದೇ ಒಂದು ಕೊಠಡಿಗೆ ಮರದ ನೆಲ ಹಾಕಿಸಲಿ. ಬೆಳಿಗ್ಗೆ ಆ ಶಾಲೆಯ ಮಕ್ಕಳೇ ಅಲ್ಲಿ ಯೋಗ ಮಾಡಲಿ, ಕೋಲಾಟ ಆಡಲಿ. ಸಂಜೆ ಐದರಿಂದ ಏಳೂವರೆವರೆಗೆ, ಭಾನುವಾರ ಬೆಳಿಗ್ಗೆ, ಸ್ಥಳೀಯ ನೃತ್ಯ ಶಿಕ್ಷಕರಿಗೆ ಬಾಡಿಗೆಗೆ ಕೊಡಲಿ. ಪುಕ್ಕಟೆ ಬೇಡ. ಗಂಟೆಗೆ 100 ರೂಪಾಯಿ ಇಡಲಿ, ಶಾಲೆಗೂ ಆದಾಯ. ಕರೆಂಟಿಗೆ ಬೇರೆ ಮೀಟರ್ ಹಾಕಲಿ, ಆ ಬಿಲ್ ನಾವು ಕಟ್ಟುತ್ತೇವೆ. ಕಸ ನಾವೇ ಗುಡಿಸುತ್ತೇವೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ತೀರ್ಮಾನಿಸಲಿ. ಜಿಲ್ಲಾಡಳಿತ ಯಾವುದಾದರೂ ಒಂದು ಶಾಲೆಯಲ್ಲಿ ಇದನ್ನು ಮಾಡಿ ನೋಡುವುದಾದರೆ, ನೆಲ ಹಾಕುವ ದಿನ ನಮ್ಮ ಬಡಗಿಯನ್ನು ನಾನೇ ಕರೆದುಕೊಂಡು ಬರುತ್ತೇನೆ.

– ಒಬ್ಬ ನೃತ್ಯ ಶಿಕ್ಷಕಿ, ಕೌಲ್‌ಬಜಾರ್, ಬಳ್ಳಾರಿ