ಲವ್‌ಬರ್ಡ್ ಮರಿಗಳ ಗುಟುಕು ಪುಡಿಯ ದೋಷ ಮತ್ತು ಪೊಟ್ಟಣದ ಮೇಲಿನ ತಪ್ಪು ಸೂಚನೆ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಲವ್‌ಬರ್ಡ್ ಮರಿಗಳಿಗೆ ಕೈಯಿಂದ ಗುಟುಕು ಕೊಡಲು ನೀವು ಮಾರುತ್ತಿರುವ ಪುಡಿಯ ಈ ಸಲದ ಪೊಟ್ಟಣಗಳು ಬಳಸಲು ಯೋಗ್ಯವಾಗಿಲ್ಲ. ಚೆನ್ನಾಗಿ ಕಲಸಿ ಗಾಜಿನ ಲೋಟದಲ್ಲಿ ಐದು ನಿಮಿಷ ಇಟ್ಟರೆ ಹಿಟ್ಟೆಲ್ಲ ತಳಕ್ಕೆ ಇಳಿದು, ಮೇಲೆ ತಿಳಿನೀರು ನಿಲ್ಲುತ್ತದೆ. ನುಣ್ಣಗೆ ಬೀಸಿದ, ಸರಿಯಾಗಿ ಬೆಂದ ಪುಡಿ ಹೀಗೆ ಬೇರ್ಪಡುವುದಿಲ್ಲ.

ನುಂಗಿದ ಗುಟುಕು ಮೊದಲು ಸೇರುವ, ಕತ್ತಿನ ಬುಡದಲ್ಲಿರುವ ಮರಿಯ ಗಂಟಲಚೀಲದಲ್ಲೂ ಆಗುವುದು ಇದೇ. ನೀರು ಬೇಗ ಕೆಳಗಿಳಿಯುತ್ತದೆ, ಹಿಟ್ಟು ಅಲ್ಲೇ ಉಳಿದು ಕಣಕದ ಹಾಗೆ ಗಟ್ಟಿಯಾಗುತ್ತದೆ. ಆ ಬೆಚ್ಚನೆಯ ಜಾಗದಲ್ಲಿ ಅದು ಹುಳಿತು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಚೀಲ ತುಂಬಿದಂತೆ ಕಂಡರೂ ಮರಿಯ ಮೈಗೆ ಆಹಾರ ದಕ್ಕುವುದಿಲ್ಲ. ತೂಕ ಇಳಿದು ಚರ್ಮ ಕೆಂಪಾಗಿ ಸುಕ್ಕುಗಟ್ಟುತ್ತದೆ. ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆ (ಬ್ರೂಡರ್) ತಣ್ಣಗಿದ್ದರೂ ಚೀಲ ಖಾಲಿಯಾಗುವುದು ನಿಧಾನವಾಗುತ್ತದೆ, ನಿಜ. ಆದರೆ ಲೋಟದಲ್ಲೇ ಬೇರ್ಪಡುವ ಪುಡಿಗೆ ಆ ನೆಪ ಹೇಳಲಾಗದು.

ಪೊಟ್ಟಣದ ಮೇಲಿನ ಸೂಚನೆ ಇನ್ನೂ ಅಪಾಯಕಾರಿ. ‘ಒಂದು ಚಮಚ ಪುಡಿಗೆ ಎರಡು ಚಮಚ ಬಿಸಿನೀರು, ಚೀಲ ತುಂಬುವವರೆಗೆ ಕೊಡಿ’ ಎಂದಷ್ಟೇ ಇದೆ. ಬಿಸಿ ಎಂದರೆ ಎಷ್ಟು? ಕಲಸಿದ ಗುಟುಕು 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. 43 ದಾಟಿದರೆ ಗಂಟಲಚೀಲ ಒಳಗಿಂದ ಸುಡುವ ಅಪಾಯವಿದೆ. ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಕೆಲವು ದಿನಗಳ ಮೇಲೆ ಚರ್ಮ ಕಪ್ಪಾಗಿ ತೂತುಬಿದ್ದು, ಕೊಟ್ಟ ಗುಟುಕು ಎದೆಯ ಮೇಲೆ ಸೋರುವಾಗಲೇ ಸಾಕುವವರಿಗೆ ತಿಳಿಯುವುದು. ಥರ್ಮಾಮೀಟರನ್ನು ನೀರಿಗಲ್ಲ, ಕಲಸಿದ ಗುಟುಕಿಗೇ ಇಡಬೇಕೆಂದೂ, ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ನಡುನಡುವೆ ಸುಡುವ ಬಿಸಿ ಉಳಿಯುತ್ತದೆಂದೂ ಅಚ್ಚು ಹಾಕಲು ಎರಡು ಸಾಲು ಸಾಕಿತ್ತು.

ನೀವು ಹೇಳುವ ಅಳತೆ ಎರಡನೇ ವಾರದ ಮರಿಗೆ ಹೊಂದೀತು. ಮೊಟ್ಟೆಯೊಡೆದ ಮೊದಲೆರಡು ದಿನ ಒಂದು ಪಾಲು ಪುಡಿಗೆ ಐದಾರು ಪಾಲು ನೀರು ಬೇಕು. ಕೆಲವೇ ಗ್ರಾಂ ತೂಗುವ ಆ ಮರಿಗೆ ದಪ್ಪ ಗುಟುಕು ಕೊಟ್ಟರೆ ಮೈಯ ನೀರು ಆರಿ ಚೀಲ ಖಾಲಿಯಾಗುವುದೇ ನಿಂತುಹೋಗುತ್ತದೆ. ಪ್ರಮಾಣವನ್ನೂ ತೂಕದಿಂದ ಹೇಳಬೇಕು: ಒಂದು ಸಲಕ್ಕೆ ಮರಿಯ ತೂಕದ ಹತ್ತನೇ ಒಂದು ಭಾಗ, ಅಂದರೆ 20 ಗ್ರಾಂ ಮರಿಗೆ 2 ಮಿಲಿಲೀಟರ್. ‘ತುಂಬುವವರೆಗೆ’ ಎಂಬ ಮಾತನ್ನು ನಂಬಿ ಹೊಸಬರು ಒತ್ತಿ ತುಂಬಿದರೆ ಗುಟುಕು ಉಕ್ಕಿ ಬಂದು ಶ್ವಾಸನಾಳಕ್ಕೆ ಹೋಗುತ್ತದೆ. ಹಾಗಾದ ಮರಿ ಉಳಿಯುವುದು ಅಪರೂಪ. ದಿನಕ್ಕೊಮ್ಮೆಯಾದರೂ ಚೀಲ ಪೂರ್ತಿ ಖಾಲಿಯಾಗಬೇಕು, ಉಳಿದ ಗುಟುಕನ್ನು ಮತ್ತೆ ಕಾಯಿಸಿ ಕೊಡಬಾರದು ಎಂಬ ಎಚ್ಚರಿಕೆಯೂ ಎಲ್ಲೂ ಇಲ್ಲ.

ಬ್ಯಾಚ್ ಸಂಖ್ಯೆ ಅಳಿಸಿಹೋಗುವ ಶಾಯಿಯಲ್ಲಿದೆ, ಜಿಪ್ ಸರಿಯಾಗಿ ಮುಚ್ಚುವುದಿಲ್ಲ. ತೇವ ಹಿಡಿದ ಪುಡಿಗೆ ಬೂಸ್ಟು ಬರಲು ಹೆಚ್ಚು ಹೊತ್ತು ಬೇಡ.

ಈ ಬ್ಯಾಚಿನ ಮಾರಾಟವನ್ನು ಕೂಡಲೇ ನಿಲ್ಲಿಸಿ, ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಿ. ಕೊಂಡವರಿಗೆ ಹಣ ಮರಳಿಸಿ. ವಯಸ್ಸಿಗೆ ತಕ್ಕ ನೀರಿನ ಅಳತೆ, ಬಿಸಿ, ತೂಕಕ್ಕೆ ತಕ್ಕ ಪ್ರಮಾಣ, ಎಷ್ಟು ಗಂಟೆಗೊಮ್ಮೆ ಕೊಡಬೇಕೆಂಬ ಪಟ್ಟಿಯನ್ನು ಪೊಟ್ಟಣದ ಮೇಲೆಯೇ ಮುದ್ರಿಸಿ. ಈಗ ಅಂಗಡಿಯಲ್ಲಿರುವ ಉಳಿದ ಬ್ಯಾಚುಗಳಿಗೆ ಚೀಟಿಯನ್ನಾದರೂ ಅಂಟಿಸಿ. ಪುಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ವರದಿಯನ್ನು ಲಿಖಿತವಾಗಿ ನಮಗೆ ಕಳುಹಿಸಿಕೊಡಿ.

ಇಂತಿ,
ಲವ್‌ಬರ್ಡ್ ಸಾಕುವ ನಿಮ್ಮ ಗ್ರಾಹಕರು

ಲಗತ್ತು: ತೆರೆಯದ ಒಂದು ಪೊಟ್ಟಣ, ಲೋಟದಲ್ಲಿ ಬೇರ್ಪಟ್ಟ ಪುಡಿಯ ಚಿತ್ರ, ಖರೀದಿ ರಸೀದಿಯ ಪ್ರತಿ